ನಮ್ಮ ಹೊಳೆಯ ಚಿಪ್ಪೂ ಪರದೇಶದ ಚಿಪ್ಪೂ

ಬೇಸಿಗೆಯಲ್ಲಿ ಹಂಪಸಾಗರದ ಬಳಿ ತುಂಗಭದ್ರೆಯ ನೀರು ಇಳಿದಾಗ, ಕೆಸರಿನಲ್ಲಿ ಅರ್ಧ ಹೂತಿರುವ ಕಪ್ಪೆಚಿಪ್ಪುಗಳನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರು ಕಂಡಿರಬಹುದು. ಒಳಗೆ ಮುತ್ತಿನಂತೆ ಹೊಳೆಯುವ ಆ ಚಿಪ್ಪು, ನೀರನ್ನು ಸೋಸಿ ಅದರಲ್ಲಿನ ಸೂಕ್ಷ್ಮ ಪಾಚಿಯನ್ನುಂಡು ಬದುಕತಕ್ಕ ಒಂದು ಮೃದು ಪ್ರಾಣಿಯ ಮನೆಯು.

ಈ ಪ್ರಾಣಿಯ ಶೈಶವವು ಬಹು ವಿಚಿತ್ರವಾದುದು. ಪಾಠದಲ್ಲಿ ಇದನ್ನು ಅವಸರದಿಂದ ದಾಟಿಬಿಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಮರಿಗಳು ಮೊದಲು ತಾಯಿಯ ಕಿವಿರುಗಳೊಳಗೆ ಬೆಳೆದು, ಅನಂತರ ಹೊರಬಿದ್ದು, ಯಾವುದಾದರೊಂದು ಮೀನಿನ ಕಿವಿರನ್ನೋ ರೆಕ್ಕೆಯನ್ನೋ ಕಚ್ಚಿ ಹಿಡಿದು ಕೆಲಕಾಲ ಅಲ್ಲಿಯೇ ಪೋಷಣೆ ಹೊಂದಬೇಕು. ಮೀನು ದೊರೆಯದ ಮರಿಯು ಸಾಯುವುದು. ಆದುದರಿಂದ ನಮ್ಮ ಚಿಪ್ಪು ಮೀನಿದ್ದಲ್ಲಿ ಮಾತ್ರ ಹೆಚ್ಚಬಲ್ಲುದು. ಒಮ್ಮೆ ಅಳಿದರೆ ಬೇಗನೆ ಮರಳಿ ಬರಲಾರದು.

ಕೇರಳದ ಹಿನ್ನೀರುಗಳನ್ನು ಈಗ ಆಕ್ರಮಿಸಿರುವ ಚಾರ್ರು ಎಂಬ ಚಿಪ್ಪಿನ ಬಾಳು ಹೀಗಿಲ್ಲ. ಇದರ ತವರು ಮಧ್ಯ ಹಾಗೂ ದಕ್ಷಿಣ ಅಮೇರಿಕದ ಕರಾವಳಿ. ಇದರ ತತ್ತಿಗಳು ನೀರಿನಲ್ಲಿಯೇ ಫಲಿಸಿ, ಮರಿಗಳು ಯಾರ ಹಂಗೂ ಇಲ್ಲದೆ ತೇಲಾಡುವುವು. ಹಡಗುಗಳು ಸಮತೋಲಕ್ಕಾಗಿ ಒಂದು ಬಂದರದಲ್ಲಿ ನೀರು ತುಂಬಿಕೊಂಡು ಇನ್ನೊಂದರಲ್ಲಿ ಚೆಲ್ಲುವುದರಿಂದ, ಇಂತಹ ಮರಿಗಳು ಸಾಗರಗಳನ್ನೇ ದಾಟುವುವು. ಆಮೇಲೆ ನೂಲಿನಂತಹ ಎಳೆಗಳಿಂದ ಕಲ್ಲು, ಗೂಟ, ಅನ್ಯ ಚಿಪ್ಪು, ಎಲ್ಲಕ್ಕೂ ದಟ್ಟವಾಗಿ ಅಂಟಿಕೊಳ್ಳುವುವು. ಕೊಲ್ಲಂ ಸಮೀಪದ ಅಷ್ಟಮುಡಿ ಸರೋವರದಲ್ಲಿಯೂ ಕೊಚ್ಚಿಯ ಹಿನ್ನೀರಿನಲ್ಲಿಯೂ ಇದು ನೆಲೆಸಿರುವುದನ್ನು ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. ಅಷ್ಟಮುಡಿಯಲ್ಲಿ ಚಿಪ್ಪು ಹೆಕ್ಕಿ ಜೀವಿಸುವವರು ಸಾವಿರಾರು ಜನ. ಮಿತವಾಗಿ, ಕ್ರಮವರಿತು ಹಿಡಿಯುವರೆಂದು 2014ರಲ್ಲಿ ಅವರ ಕಸುಬಿಗೆ ಅಂತರರಾಷ್ಟ್ರೀಯ ಪ್ರಮಾಣಪತ್ರವೂ ದೊರೆತಿತ್ತು. ಅಂತಹ ಸರೋವರದಲ್ಲಿ ಸ್ಥಳೀಯ ಹಸುರು ಚಿಪ್ಪಿನ ಠಾವನ್ನೂ ಸಿಂಪಿಯ ಠಾವನ್ನೂ ಈ ಅತಿಥಿಯು ಕಸಿದುಕೊಂಡಿತು.

ನಮ್ಮದು ಸಿಹಿನೀರಿನ ಹೊಳೆ, ನಮಗೇನು ಭಯವೆಂದು ತಾಯ್ತಂದೆಗಳು ಕೇಳಬಹುದು. ಚಾರ್ರು ಉಪ್ಪಿಲ್ಲದ ನೀರಿನಲ್ಲಿ ನೆಲೆಗೊಳ್ಳಲಾರದೆಂಬುದು ದಿಟ. ಆದರೆ ಜೀಬ್ರಾ ಚಿಪ್ಪೆಂಬುದು ಸಿಹಿನೀರಿನದೇ. ಅದರ ಮರಿಗೂ ಮೀನು ಬೇಡ. ಐರೋಪ್ಯ ಮೂಲದ ಈ ಪಟ್ಟೆಚಿಪ್ಪು 1988ರಲ್ಲಿ ಉತ್ತರ ಅಮೇರಿಕದ ಸೇಂಟ್ ಕ್ಲೇರ್ ಸರೋವರದಲ್ಲಿ ಕಾಣಿಸಿಕೊಂಡಿತು. ಅಲ್ಲಿ ನಮ್ಮ ಕಪ್ಪೆಚಿಪ್ಪಿನ ಬಳಗದವುಗಳ ಬೆನ್ನೇರಿ, ಅವು ಉಣ್ಣದಂತೆ, ಅಲುಗದಂತೆ ಮಾಡಿ ಕೊಂದಿತು. ಊರುಗಳಿಗೆ ಕುಡಿಯುವ ನೀರೊಯ್ಯುವ ಕೊಳವೆಗಳನ್ನೂ ಕಟ್ಟಿಬಿಟ್ಟಿತು.

ಹಡಗುಗಳು ಚೆಲ್ಲುವ ನೀರನ್ನು ಶುದ್ಧೀಕರಿಸಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದವು 2017ರಲ್ಲಿ ಜಾರಿಗೆ ಬಂದಿರುವುದು. ಹಡಗು ಬಾರದ ಊರಿಗೆ ಬೇರೆ ದಾರಿಯುಂಟು. 2021ರಲ್ಲಿ ಅಮೇರಿಕದ ಅಂಗಡಿಗಳಲ್ಲಿ, ಮನೆಯ ಮೀನಿನ ತೊಟ್ಟಿಗೆಂದು ಮಾರುತ್ತಿದ್ದ ಪಾಚಿಯುಂಡೆಗಳೊಳಗೆ ಜೀಬ್ರಾ ಚಿಪ್ಪುಗಳು ಸಿಕ್ಕವು. ಉಂಡೆಗಳನ್ನು ಕುದಿಸಿ ಅಥವಾ ಹೆಪ್ಪುಗಟ್ಟಿಸಿದ ಬಳಿಕವೇ ಕಸಕ್ಕೆ ಹಾಕಬೇಕೆಂದು ಅಲ್ಲಿಯ ಅಧಿಕಾರಿಗಳು ಸಾರಿದರು. ಮನೆಯಲ್ಲಿ ಬಣ್ಣದ ಮೀನು ಸಾಕಿರುವವರು ತೊಟ್ಟಿಯ ನೀರನ್ನು ಕಾಲುವೆಗೆ ಚೆಲ್ಲದೆ, ಹಿತ್ತಿಲಿನ ಒಣ ನೆಲಕ್ಕೆ ಸುರಿಯತಕ್ಕದ್ದು.