ಬೀಟ್‌ರೂಟ್ ರಸ ಕುಡಿದರೆ ಓಟದ ವೇಗ ಹೆಚ್ಚುವುದೇ?

ಕಳೆದ ತಿಂಗಳು ಒಂದು ಬೆಳಿಗ್ಗೆ ನಾನು ಚಿಕಿತ್ಸಾಲಯದ ಬಾಗಿಲು ತೆರೆಯುವ ಮೊದಲೇ ಚಿತ್ತವಾಡ್ಗಿಯ ಯುವಕನೊಬ್ಬ ಬಂದು ಕಾದು ಕುಳಿತಿದ್ದ. ಮುಖ ಬಾಡಿತ್ತು. “ಸಾರ್, ಮೂತ್ರದಾಗ ರಕ್ತ ಹೊಂಟೈತ್ರಿ” ಎಂದ. ಪರೀಕ್ಷೆ ಮಾಡಿಸಿದರೆ ರಕ್ತದ ಸುಳಿವೇ ಇರಲಿಲ್ಲ. ವಿಚಾರಿಸಿದಾಗ ವಿಷಯ ತಿಳಿಯಿತು. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗೆ ಆತ ತಯಾರಿ ನಡೆಸಿದ್ದ. ಜೊತೆಗಾರರ ಮಾತು ಕೇಳಿ ದಿನವೂ ಒಂದು ದೊಡ್ಡ ಲೋಟ ಬೀಟ್‌ರೂಟ್ ರಸ ಕುಡಿಯುತ್ತಿದ್ದ. ಬೀಟ್‌ರೂಟಿನ ಬಣ್ಣ ಕೆಲವರ ಮೂತ್ರದಲ್ಲೂ ಮಲದಲ್ಲೂ ಹಾಗೆಯೇ ಹೊರಬರುತ್ತದೆ. ಇದರಿಂದ ಅಪಾಯವಿಲ್ಲ. (ಬೀಟ್‌ರೂಟ್ ತಿನ್ನದೆಯೂ ಮೂತ್ರ ಕೆಂಪಾಗಿದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಬೇಕು.)

“ಹಂಗಾದ್ರ ಕುಡೀಬಹುದೇನ್ರಿ? ಓಟಕ್ಕ ಉಪಯೋಗ ಐತೇನ್ರಿ?” ಎಂದು ಆತ ಕೇಳಿದ. ತರಕಾರಿ ರಸಗಳ ಬಗ್ಗೆ ಇಂಥ ಪ್ರಶ್ನೆ ಅನೇಕರಲ್ಲಿದೆ. ಅದಕ್ಕೇ ಇಂದು ಇದನ್ನು ವಿವರವಾಗಿ ನೋಡೋಣ.

ಬೀಟ್‌ರೂಟಿನಲ್ಲಿ ಏನಿದೆ?

ಕೆಲಸ ಮಾಡುವುದು ಅದರ ಕೆಂಪು ಬಣ್ಣವಲ್ಲ, ಅದರಲ್ಲಿರುವ ನೈಟ್ರೇಟ್ ಎಂಬ ಲವಣ. ಗಿಡ ಇದನ್ನು ಮಣ್ಣಿನಿಂದ ಹೀರಿಕೊಳ್ಳುತ್ತದೆ. ಪಾಲಕ್, ರಾಜಗಿರಿ ಮುಂತಾದ ಸೊಪ್ಪುಗಳಲ್ಲಿ ಮತ್ತು ಮೂಲಂಗಿಯಲ್ಲಿಯೂ ನೈಟ್ರೇಟ್ ಚೆನ್ನಾಗಿರುತ್ತದೆ. ಕ್ಯಾರೆಟ್, ಟೊಮ್ಯಾಟೊಗಳಲ್ಲಿ ಬಹಳ ಕಡಿಮೆ.

ನಾವು ಸೇವಿಸಿದ ನೈಟ್ರೇಟ್ ಕರುಳಿನಿಂದ ರಕ್ತಕ್ಕೆ ಸೇರಿ, ಅಲ್ಲಿಂದ ಜೊಲ್ಲಿಗೆ ಬರುತ್ತದೆ. ನಾಲಿಗೆಯ ಮೇಲೆ ವಾಸಿಸುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ಅದನ್ನು ನುಂಗಿದ ಮೇಲೆ ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ತಯಾರಾಗುತ್ತದೆ. ಈ ಅನಿಲ ರಕ್ತನಾಳಗಳನ್ನು ಸಡಿಲಿಸುತ್ತದೆ ಎಂಬುದನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನೈಟ್ರೇಟ್ ಸೇವಿಸಿದಾಗ ಸ್ನಾಯುಗಳು ಅಷ್ಟೇ ಕೆಲಸವನ್ನು ಕಡಿಮೆ ಆಮ್ಲಜನಕದಲ್ಲಿ ಮಾಡುತ್ತವೆ ಎಂಬುದು 2007ರಲ್ಲಿ ಸ್ವೀಡನ್ನಿನಲ್ಲಿ ತಿಳಿದುಬಂತು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2009ರಲ್ಲಿ ಬೀಟ್‌ರೂಟ್ ರಸ ಕೊಟ್ಟು ಇದನ್ನೇ ಕಂಡರು.

ಬಾಯಿಯ ಬ್ಯಾಕ್ಟೀರಿಯಾ ಇಲ್ಲದೆ ಈ ಕ್ರಿಯೆ ನಡೆಯದು. ಆದ್ದರಿಂದ ರೋಗಾಣುನಾಶಕ ಮೌತ್‌ವಾಷ್‌ನಿಂದ ಬಾಯಿ ಮುಕ್ಕಳಿಸುವವರಿಗೆ ರಸದ ಪ್ರಯೋಜನ ಬಹುಮಟ್ಟಿಗೆ ಸಿಗುವುದಿಲ್ಲ.

ಲಾಭ ಎಷ್ಟು?

ಎಕ್ಸೆಟರ್‌ನ ಆ ಪ್ರಯೋಗದಲ್ಲಿ ಎಂಟು ಮಂದಿ ಆರು ದಿನ ದಿನಕ್ಕೆ ಅರ್ಧ ಲೀಟರ್ ರಸ ಕುಡಿದರು. ಸುಸ್ತಾಗಿ ನಿಲ್ಲುವವರೆಗೆ ಸೈಕಲ್ ತುಳಿಯುವ ಅವಧಿ ಶೇಕಡಾ 16ರಷ್ಟು ಹೆಚ್ಚಿತು. ಜನ ಹೇಳುವುದು ಈ ಅಂಕಿಯನ್ನೇ. ಆದರೆ ಪಂದ್ಯದಲ್ಲಿ ಸುಸ್ತಾಗುವವರೆಗೆ ಓಡುವುದಿಲ್ಲ, ನಿಗದಿತ ದೂರವನ್ನು ಬೇಗ ಮುಗಿಸಬೇಕು. 2011ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಒಂಬತ್ತು ಸೈಕಲ್ ಸವಾರರಿಗೆ ಒಮ್ಮೆ ನಿಜವಾದ ರಸ, ಇನ್ನೊಮ್ಮೆ ನೈಟ್ರೇಟ್ ತೆಗೆದ ರಸ ಕೊಟ್ಟು ನಿಗದಿತ ದೂರ ಓಡಿಸಿದರು. ಲಾಭ ಶೇಕಡಾ 3ನ್ನು ಮುಟ್ಟಲಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ 2018ರ ತಜ್ಞರ ವರದಿಯೂ ಲಾಭ ಶೇಕಡಾ 1ರಿಂದ 3 ಎನ್ನುತ್ತದೆ. ಚೆನ್ನಾಗಿ ಪಳಗಿದ ಓಟಗಾರರಲ್ಲಿ ಅದೂ ಕಡಿಮೆ.

ನಮ್ಮ ಹುಡುಗನ ಲೆಕ್ಕಕ್ಕೆ ಬರೋಣ. ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಆತನಿಗೆ 6 ನಿಮಿಷ 40 ಸೆಕೆಂಡ್ ಹಿಡಿಯುತ್ತಿತ್ತು, ಅಂದರೆ 400 ಸೆಕೆಂಡ್. ಶೇಕಡಾ 1 ಅಂದರೆ 4 ಸೆಕೆಂಡ್, ಶೇಕಡಾ 3 ಅಂದರೆ 12. ಬೇಕಿರುವುದು 10. ಎಲ್ಲವೂ ಕೂಡಿಬಂದರಷ್ಟೇ ರಸ ಆತನನ್ನು ದಾಟಿಸೀತು. ಇಂಥ ಅಂಚಿನ ಮೇಲೆ ನೌಕರಿಯನ್ನು ನಂಬಿ ಕೂರಲಾಗದು. ವಾರಕ್ಕೆ ನಾಲ್ಕೈದು ದಿನದ ಕ್ರಮಬದ್ಧ ಓಟ, ಎಂಟು ಗಂಟೆ ನಿದ್ರೆ, ಹೊಟ್ಟೆ ತುಂಬ ಊಟ, ಇವು ಮೊದಲು. ರಸ ಅದರ ನಂತರ.

ಕುಡಿಯುವುದಾದರೆ ಹೇಗೆ?

ತಜ್ಞರು ಹೇಳುವ ಪ್ರಮಾಣ 310ರಿಂದ 560 ಮಿಲಿಗ್ರಾಂ ನೈಟ್ರೇಟ್, ಓಟಕ್ಕೆ ಎರಡು ಮೂರು ಗಂಟೆ ಮೊದಲು. ಹೊರಡುವ ಗಳಿಗೆಯಲ್ಲಿ ಗಟಗಟ ಕುಡಿದರೆ ಹೊಟ್ಟೆ ಕೆಡುತ್ತದೆಯೇ ಹೊರತು ಉಪಯೋಗವಿಲ್ಲ. ಪ್ರಯೋಗಗಳಲ್ಲಿ ನೈಟ್ರೇಟನ್ನು ಅಳೆದು ಕೊಡುತ್ತಾರೆ. ನಮ್ಮ ಸಂತೆಯ ಗಡ್ಡೆಯಲ್ಲಿ ಎಷ್ಟಿದೆ ಎಂಬುದು ಮಣ್ಣು, ಗೊಬ್ಬರಗಳ ಮೇಲೆ ಹೋಗುತ್ತದೆ, ಮನೆಯಲ್ಲಿ ಅಳೆಯಲಾಗದು. ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಂಥ ಕಡೆ ಕ್ರೀಡಾಪಟುವಿನ ಆಹಾರ ನೋಡಲು ತಜ್ಞರಿರುತ್ತಾರೆ. ನಮ್ಮ ಹುಡುಗರಿಗೆ ಇರುವುದು ಅಡುಗೆಮನೆಯ ಮಿಕ್ಸಿ. ಆದ್ದರಿಂದ ಪಂದ್ಯದ ದಿನವೇ ಮೊದಲ ಬಾರಿ ಕುಡಿಯಬೇಡಿ. ಅಭ್ಯಾಸದ ದಿನಗಳಲ್ಲಿ ಕುಡಿದು, ಹೊಟ್ಟೆಗೆ ಒಗ್ಗುವುದೇ ನೋಡಿ. ರಸವನ್ನು ಆಗಲೇ ಮಾಡಿ ಆಗಲೇ ಕುಡಿಯಿರಿ.

ನಮ್ಮ ಊರಿನ ಬೇಸಿಗೆಯಲ್ಲಿ ಓಡುವವರಿಗೆ ನೀರು ಮತ್ತು ಉಪ್ಪಿನ ಕೊರತೆ ದೊಡ್ಡ ಶತ್ರು. ಉಪ್ಪು ಹಾಕಿದ ಮಜ್ಜಿಗೆ ಮರೆಯಬೇಡಿ.

ಯಾರಿಗೆ ಬೇಡ?

ಬೀಟ್‌ರೂಟಿನಲ್ಲಿ ಆಕ್ಸಲೇಟ್ ಹೆಚ್ಚು. ಮೂತ್ರಪಿಂಡದಲ್ಲಿ ಕಲ್ಲು ಆದವರು ದಿನವೂ ಕುಡಿಯಬಾರದು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಇದರ ಪೊಟ್ಯಾಸಿಯಂ ಅಪಾಯ. ರಕ್ತದೊತ್ತಡಕ್ಕೆ ಅಥವಾ ಎದೆನೋವಿಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಒತ್ತಡ ಇನ್ನಷ್ಟು ಇಳಿದು ತಲೆ ಸುತ್ತಬಹುದು. ಮಧುಮೇಹಿಗಳು ನಾರು ತೆಗೆದ ರಸಕ್ಕಿಂತ ಪಲ್ಯ ಮಾಡಿ ತಿನ್ನುವುದು ಒಳ್ಳೆಯದು. ಆರು ತಿಂಗಳೊಳಗಿನ ಶಿಶುಗಳಿಗೆ ಇದನ್ನು ಕೊಡಲೇಬಾರದು.

ಸೋರೆಕಾಯಿ ರಸದ ಬಗ್ಗೆ ಒಂದು ಎಚ್ಚರಿಕೆ. ಕಹಿ ಸೋರೆಕಾಯಿಯಲ್ಲಿ ವಿಷವಿದೆ. ಅದರ ರಸ ಕುಡಿದು ನಮ್ಮ ದೇಶದಲ್ಲಿ ಸಾವುಗಳೂ ಆಗಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಇದನ್ನು ಪರಿಶೀಲಿಸಿ ಸಲಹೆ ನೀಡಿದೆ. ಹಿಂಡುವ ಮೊದಲು ಸಣ್ಣ ಚೂರನ್ನು ನಾಲಿಗೆಗೆ ಇಟ್ಟು ನೋಡಿ, ಕಹಿ ಎನಿಸಿದರೆ ಎಸೆದುಬಿಡಿ. ಬೇರೆ ರಸದೊಡನೆ ಬೆರೆಸಿದರೆ ಕಹಿ ಗೊತ್ತಾಗುವುದಿಲ್ಲ. ಕುಡಿದ ಮೇಲೆ ವಾಂತಿ, ಭೇದಿ ಆದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ರಸದಿಂದ ರಕ್ತ ಹೆಚ್ಚುವುದೇ?

ಆ ಯುವಕ ಮರುವಾರ ತಂಗಿಯನ್ನೂ ಕರೆತಂದ. ಕಾಲೇಜಿನ ಕಬಡ್ಡಿ ಆಟಗಾರ್ತಿ. ಮೂರು ತಿಂಗಳಿಂದ ಬೇಗ ಏದುಸಿರು, ಸುಸ್ತು. ಬೀಟ್‌ರೂಟ್ ಕೆಂಪಗಿದೆ, ರಕ್ತ ಹೆಚ್ಚುತ್ತದೆ ಎಂದು ಅವರ ತಾಯಿ ಅವಳಿಗೂ ರಸ ಕೊಡುತ್ತಿದ್ದರು. ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.2 ಗ್ರಾಂ. ಹೆಂಗಸರಲ್ಲಿ ಅದು 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ.

100 ಗ್ರಾಂ ಬೀಟ್‌ರೂಟಿನಲ್ಲಿರುವ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ. ವಯಸ್ಕ ಹೆಂಗಸಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಅಂದರೆ ದಿನಕ್ಕೆ ಮೂರು ಕಿಲೋಗೂ ಹೆಚ್ಚು ಗಡ್ಡೆ ತಿನ್ನಬೇಕು! ರಸದ ಭರವಸೆಯಲ್ಲಿ ಆ ಹುಡುಗಿಯ ಮೂರು ತಿಂಗಳು ವ್ಯರ್ಥವಾಯಿತು. ಆಕೆಗೆ ಬೇಕಿದ್ದುದು ಕಬ್ಬಿಣದ ಮಾತ್ರೆ ಮತ್ತು ಜಂತುಹುಳದ ಮಾತ್ರೆ. ಇವು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಮಾತ್ರೆಯ ಜೊತೆ ನಿಂಬೆ ಪಾನಕ ಒಳ್ಳೆಯದು, ಚಹಾ ಕಾಫಿ ಬೇಡ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಮೂರು ತಿಂಗಳು ಮುಂದುವರಿಸಬೇಕು.

ಆದ್ದರಿಂದ ತಾಯಂದಿರೇ, ಮೊದಲಿನಷ್ಟು ಓಡಲಾಗುತ್ತಿಲ್ಲ ಎಂದು ಮಕ್ಕಳು ಹೇಳಿದರೆ ರಸ ಹಿಂಡುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ವರದಿ ಸರಿಯಾಗಿದ್ದರೆ ಬೀಟ್‌ರೂಟ್ ರಸ ಕುಡಿಯಲಿ, ಅಡ್ಡಿಯಿಲ್ಲ.