ಮಣ್ಣು ಬೇಡದ ಚಿರತೆ ಆರ್ಕಿಡ್

ನಲವತ್ತು ವರ್ಷದಿಂದ ರಾಗಿ, ಶೇಂಗಾ ಬೆಳೆಯುತ್ತಿದ್ದೇನೆ. ಗಿಡ ಅಂದರೆ ಮಣ್ಣು, ಗೊಬ್ಬರ, ನೀರು ಅಂತಲೇ ತಿಳಿದಿದ್ದೆ. ಅದೇ ತಿಳುವಳಿಕೆ ನನ್ನ ಮೊದಲ ಚಿರತೆ ಆರ್ಕಿಡ್ಡನ್ನು ಕೊಂದಿತು. ಕುಂಡಕ್ಕೆ ಕೆಮ್ಮಣ್ಣು, ತಿಪ್ಪೆಗೊಬ್ಬರ ತುಂಬಿ ನೆಟ್ಟು, ದಿನಾ ನೀರು ಹಾಕಿದೆ. ಮಳೆಗಾಲ ಮುಗಿಯೋದರೊಳಗೆ ಬೇರು ಕೊಳೆತು ಬುಡ ಕಪ್ಪಾಯಿತು. ಎರಡನೆಯದು ಬದುಕಿದೆ, ಹೂವನ್ನೂ ಬಿಟ್ಟಿದೆ. ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಹುಟ್ಟಿದ ಜಾಗ

ಇದರ ಶಾಸ್ತ್ರೀಯ ಹೆಸರು ಆನ್ಸೆಲಿಯಾ ಆಫ್ರಿಕಾನಾ. ಕೀನ್ಯಾ, ಜಿಂಬಾಬ್ವೆ, ದಕ್ಷಿಣ ಆಫ್ರಿಕಾದ ಬಿಸಿಲು ಸೀಮೆಗಳಲ್ಲಿ ಮರದ ಕವಲಿನ ಮೇಲೆ ಬೆಳೆಯುತ್ತದೆ. ಹಳದಿ ಹೂವಿನ ಮೇಲೆ ಕಂದು ಚುಕ್ಕೆ, ಅದಕ್ಕೇ ಚಿರತೆ ಅನ್ನೋ ಹೆಸರು. ನಮ್ಮ ಮಾವಿನ ಮರದ ಬಂದಣಿಕೆ ಹಾಗೆ ಇದು ಮರದ ರಸ ಹೀರುವುದಿಲ್ಲ. ಕೂರಲು ಜಾಗ ಸಿಕ್ಕರೆ ಸಾಕು. ಬುಡದ ಬಿಳಿ ಬೇರುಗಳು ಸೂಜಿಯಂತೆ ಮೇಲಕ್ಕೆದ್ದು ಬುಟ್ಟಿಯಾಗುತ್ತವೆ. ಉದುರಿದ ತರಗೆಲೆ ಅದರೊಳಗೆ ಬಿದ್ದು ಕೊಳೆಯುತ್ತದೆ. ಅದೇ ಅದರ ಗೊಬ್ಬರ. ಆ ಬೇರನ್ನು ಕತ್ತರಿಸಬೇಡಿ, ಮುಚ್ಚಲೂಬೇಡಿ.

ಕುಂಡ

ಬುಡದಲ್ಲೂ ಪಕ್ಕದಲ್ಲೂ ತೂತಿರುವ ಮಣ್ಣಿನ ಕುಂಡ ತಗೊಳ್ಳಿ. ಹೆಬ್ಬೆರಳು ಗಾತ್ರದ ಇದ್ದಿಲು, ಹೆಂಚಿನ ಚೂರು, ಒಣ ತೊಗಟೆ ತುಂಬಿ. ಮಣ್ಣು ಒಂದು ಹಿಡಿಯೂ ಬೇಡ. ಸುರಿದ ನೀರು ಆಗಲೇ ಕೆಳಗಿಳಿಯಬೇಕು. ಗಿಡ ಅಲುಗಾಡದಂತೆ ಕೋಲಿಗೆ ಕಟ್ಟಿ, ಇಲ್ಲದಿದ್ದರೆ ಹೊಸ ಬೇರಿನ ತುದಿ ಮುರಿಯುತ್ತದೆ.

ನೀರು, ಬಿಸಿಲು

ಕಾಂಡ ಕಬ್ಬಿನ ಜಲ್ಲೆಯ ಹಾಗಿದ್ದು, ಅದರಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಹೊಸ ಜಲ್ಲೆ ಬೆಳೆಯುವಾಗ ಧಾರಾಳವಾಗಿ ನೀರು ಕೊಡಿ. ಆದರೆ ಮುಂದಿನ ನೀರಿಗೆ ಮುಂಚೆ ಬೇರು ಒಣಗಿರಬೇಕು. ಈ ಕಾಲದಲ್ಲಿ 15 ದಿನಕ್ಕೊಮ್ಮೆ ಲೀಟರ್ ನೀರಿಗೆ ಅರ್ಧ ಗ್ರಾಂ 19:19:19 ಗೊಬ್ಬರ ಸಾಕು. ಜಲ್ಲೆ ಬಲಿತ ಮೇಲೆ ಗೊಬ್ಬರ ನಿಲ್ಲಿಸಿ, ಜಲ್ಲೆ ಸುಕ್ಕಾಗದಷ್ಟು ಮಾತ್ರ ನೀರು ಕೊಡಿ. ನಾಲ್ಕು ಎಲೆ ಉದುರಿದರೆ ಗಾಬರಿಯಾಗಬೇಡಿ. ಈ ಒಣಗಾಲ ಕಳೆದರೇ ಹೂವು ಚೆನ್ನಾಗಿ ಬರೋದು. ನನ್ನ ಕುಂಡ ಬೇವಿನ ಕೊಂಬೆಗೆ ತೂಗುತ್ತಿದೆ. ಎಲೆ ಸಂದಿಯಿಂದ ಬೀಳುವ ಬಿಸಿಲು ಅದಕ್ಕೆ ಒಗ್ಗಿದೆ. ಸತತ ಮಳೆ ಹಿಡಿದರೆ ಸೂರಿನ ಕೆಳಗಿಡುತ್ತೇನೆ.

ಕೊಳ್ಳುವ ಮುಂಚೆ

ಇದು ದುಡ್ಡಿನ ಬೆಳೆ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಔಷಧಿಗೂ ಮಾರಾಟಕ್ಕೂ ಕಾಡಿನಿಂದ ಕಿತ್ತು ಕಿತ್ತು ಈ ಗಿಡ ಕಡಿಮೆಯಾಗುತ್ತಿದೆ. ಹಾಗೆ ಕಿತ್ತದ್ದು ಬದುಕೋದೂ ಕಷ್ಟ. ನರ್ಸರಿಯಲ್ಲೇ ಬೆಳೆಸಿದ ಸಸಿ ಹೌದೋ ಅಲ್ಲವೋ ಕೇಳಿಯೇ ಕೊಳ್ಳಿ. ಕೊಂಡ ಮೇಲೆ, ನಾನು ಮಾಡಿದಂತೆ ಮಣ್ಣಿನಲ್ಲಿ ಹೂಳಬೇಡಿ.