ಮಳೆಗಾಲದಲ್ಲೇ ಶುರುವಾಗಲಿ ಶಾಲೆಯ ವಿಜ್ಞಾನ ಮೇಳ

ವಿಜ್ಞಾನ ಮೇಳಕ್ಕೆ ಎರಡು ದಿನ ಇದೆ ಎನ್ನುವಾಗ ಪೇಟೆಯ ಅಂಗಡಿಗಳಲ್ಲಿ ಥರ್ಮೋಕೋಲ್ ಹಾಳೆಗೆ ಬೇಡಿಕೆ ಏರುತ್ತದೆ. ಅಡಿಗೆ ಸೋಡಾ ಉಕ್ಕಿಸುವ ಜ್ವಾಲಾಮುಖಿ, ಬಣ್ಣ ಬಳಿದ ಸೌರಮಂಡಲ, ಅಪ್ಪ ರಾತ್ರಿಯಿಡೀ ಕೂತು ಮಾಡಿಕೊಟ್ಟ ಗಾಳಿಯಂತ್ರ ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ನೋಡಲು ಚೆಂದವೇ. ಆದರೆ ಮಗು ತಾನೇ ಏನನ್ನಾದರೂ ಕಂಡುಹಿಡಿಯಿತೇ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಕಾರವಾರ, ಅಂಕೋಲೆಯ ಮಕ್ಕಳ ಕಣ್ಣೆದುರು ಕಡಲಿದೆ, ಕಾಳಿ ಮತ್ತು ಗಂಗಾವಳಿ ನದಿಗಳಿವೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಿವೆ, ಬೆನ್ನಿಗೆ ಘಟ್ಟವಿದೆ. ಮೇಳ ಇಲ್ಲಿಂದಲೇ ಹುಟ್ಟಬೇಕು. ಮೊದಲ ಸಲ ಇದರ ಹೊಣೆ ಹೊತ್ತ ಶಿಕ್ಷಕರಿಗಾಗಿ ಒಂದು ದಾರಿ ಇಲ್ಲಿದೆ.

ಹಂತ 1: ದಿನ ಗೊತ್ತುಮಾಡಿ

ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೇ ಮೇಳ ಇಡಬೇಕೆಂದು ಎಲ್ಲರಿಗೂ ಅನಿಸುತ್ತದೆ. ಸಿ. ವಿ. ರಾಮನ್ 1928ರಲ್ಲಿ ತಮ್ಮ ಶೋಧ ಪ್ರಕಟಿಸಿದ ದಿನ ಅದು. ಆದರೆ ಪ್ರೌಢಶಾಲೆಯಲ್ಲಿ ಆಗ ಪರೀಕ್ಷೆಯ ಬಿಸಿ. ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲ ವಾರ ವಾಸಿ: ಮಳೆ ನಿಂತಿರುತ್ತದೆ, ದಸರಾ ರಜೆಯಲ್ಲಿ ಮಕ್ಕಳಿಗೆ ಕೆಲಸ ಮಾಡಲು ಬಿಡುವು ಸಿಕ್ಕಿರುತ್ತದೆ. ಪ್ರತಿಭಾ ಕಾರಂಜಿ, ಕ್ರೀಡಾಕೂಟಗಳ ದಿನಾಂಕ ಸಿಆರ್‌ಪಿ ಅವರನ್ನು ಕೇಳಿಕೊಂಡು, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಎಸ್‌ಡಿಎಂಸಿ ಸಭೆಯಲ್ಲಿ ಹೇಳಿಬಿಡಿ.

ಮೇಳ ನವೆಂಬರಿನಲ್ಲಿ ನಡೆದರೂ ಕೆಲಸ ಜೂನ್‌ನಲ್ಲೇ ಶುರುವಾಗಬೇಕು. ನಮ್ಮ ಕರಾವಳಿಯಲ್ಲಿ ಮಳೆಯೇ ದೊಡ್ಡ ಪ್ರಯೋಗಶಾಲೆ, ಅದು ತಪ್ಪಿದರೆ ಒಂದು ವರ್ಷ ಕಾಯಬೇಕು. ಮೀನಿನ ವಿಷಯ ಆರಿಸಿದವರು ಮಾತ್ರ ಆಗಸ್ಟ್ ತನಕ ಕಾಯಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ.

ಹಂತ 2: ಪ್ರಶ್ನೆ ಕೂಡಿಹಾಕಿ

ತರಗತಿಯ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಡಿ. ಮನೆಯಲ್ಲಿ, ದಾರಿಯಲ್ಲಿ, ದಕ್ಕೆಯಲ್ಲಿ ಕಂಡದ್ದರ ಬಗ್ಗೆ ‘ಯಾಕೆ’, ‘ಎಷ್ಟು’ ಎಂಬ ಪ್ರಶ್ನೆ ಬರೆದು ಹಾಕಲಿ. ಕಾರವಾರದ ಎಷ್ಟೋ ಮಕ್ಕಳ ಮನೆಮಾತು ಕೊಂಕಣಿ, ಅಂಕೋಲೆಯ ಹಾಲಕ್ಕಿ ಮಕ್ಕಳ ಕನ್ನಡಕ್ಕೆ ಅದರದೇ ಧಾಟಿ. ಪ್ರಶ್ನೆ ಹೇಗೆ ಬಾಯಿಗೆ ಬರುತ್ತದೋ ಹಾಗೇ ಬರೆಯಲಿ, ತಿದ್ದಬೇಡಿ. ಅಜ್ಜಿಮನೆಯ ಬಾವಿ ಬೇಸಿಗೆಯಲ್ಲಷ್ಟೇ ಯಾಕೆ ಸವುಳಾಗುತ್ತದೆ? ಒಂದು ಚಿರೇಕಲ್ಲು ಎಷ್ಟು ನೀರು ಕುಡಿಯುತ್ತದೆ? ಮುರುಗಲು ಸಿಪ್ಪೆಯ ಕೆಂಪು ನೀರಿಗೆ ಸೋಪಿನ ನೀರು ಬಿದ್ದರೆ ಬಣ್ಣ ಯಾಕೆ ಬದಲಾಗುತ್ತದೆ? ಇಂಥ ಹತ್ತು ಬಂದರೆ ನಿಮ್ಮ ಮೇಳ ಅರ್ಧ ಆದ ಹಾಗೇ.

ಹಂತ 3: ಪ್ರಶ್ನೆಯನ್ನು ಜರಡಿ ಹಿಡಿಯಿರಿ

ಅಳೆಯಲು ಬರುತ್ತದೆಯೇ? ಮೂರು ನಾಲ್ಕು ವಾರದಲ್ಲಿ ಮುಗಿಯುತ್ತದೆಯೇ? ಅಪಾಯವಿಲ್ಲವೇ? ಮೂರಕ್ಕೂ ಹೌದು ಅಂದರೆ ಮಾತ್ರ ಮುಂದೆ ಹೋಗಿ. ‘ಕಾಳಿ ನದಿ ಕೆಟ್ಟಿದೆಯೇ?’ ಎಂಬುದು ಶಾಲೆಯ ಮಗುವಿಗೆ ಹೊರಲಾರದಷ್ಟು ದೊಡ್ಡದು. ‘ಸದಾಶಿವಗಡದ ನದಿ ನೀರಿಗಿಂತ ಹಣಕೋಣದ ನದಿ ನೀರು ಎಷ್ಟು ಸಪ್ಪೆ?’ ಅಂದರೆ ಅದು ಕೈಗೆ ಸಿಗುತ್ತದೆ. ಸ್ಟ್ರಾದ ಬುಡಕ್ಕೆ ಜೇಡಿಮಣ್ಣು ಮೆತ್ತಿ ನೀರಿನಲ್ಲಿ ನೆಟ್ಟಗೆ ತೇಲಿಬಿಟ್ಟರೆ ಉಪ್ಪು ಹೆಚ್ಚಿದ್ದಷ್ಟೂ ಅದು ಮೇಲಕ್ಕೆ ನಿಲ್ಲುತ್ತದೆ. ಗೆರೆ ಹಾಕಿ ಅಳೆದರಾಯಿತು.

ಒಂದು ಮಾತಿನಲ್ಲಿ ರಾಜಿ ಬೇಡ: ನದಿ, ಕಡಲಿನ ನೀರು ತರಲು ಮಕ್ಕಳು ಒಬ್ಬರೇ ಹೋಗಕೂಡದು. ದೊಡ್ಡವರು ಜೊತೆಗಿರಬೇಕು, ಅದೂ ಮಳೆ ಕಡಿಮೆಯಾದ ಮೇಲೆ. ಮನೆಯ ಪ್ಲಗ್ಗಿನ ಕರೆಂಟು, ಗಾಢ ಆಮ್ಲ, ಜೀವ ಇರುವ ಪ್ರಾಣಿ ಬಳಸುವ ಪ್ರಯೋಗಗಳನ್ನು ಮೊದಲೇ ಬೇಡವೆನ್ನಿ.

ಹಂತ 4: ಒಂದು ಪ್ರಯೋಗವನ್ನು ಎಲ್ಲರೆದುರು ಮಾಡಿ ತೋರಿಸಿ

‘ಹೋಲಿಸಿ ನೋಡುವುದು’ ಎಂದರೇನು ಎಂದು ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಗಜನಿ ಭತ್ತದಿಂದ ಶುರುಮಾಡಿ. ಕುಮಟಾ ತಾಲ್ಲೂಕಿನ ಅಘನಾಶಿನಿ ದಡದ ಗಜನಿಗಳಲ್ಲಿ ಉಪ್ಪು ತಡೆಯುವ ‘ಕಗ್ಗ’ ಭತ್ತ ಬೆಳೆಯುತ್ತಾರೆ. ಕಗ್ಗ ಮತ್ತು ಹೋಲಿಕೆಗೆ ‘ಜಯ’ ತಳಿಯ ಭತ್ತ, ಎರಡರ ಬೀಜವನ್ನೂ ರೈತರಿಂದ ಒಂದೊಂದು ಹಿಡಿ ತರಿಸಿ.

ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 35 ಗ್ರಾಂ ಉಪ್ಪು ತೂಗಿಸಿ, ನೀರಿಗೆ ಹಾಕಿ ಕರಗಿಸಿ ಒಟ್ಟು ಒಂದು ಲೀಟರ್ ಮಾಡಿ. ಇದು ಹೆಚ್ಚುಕಡಿಮೆ ಕಡಲಿನಷ್ಟೇ ಉಪ್ಪು. ಅದರಲ್ಲಿ ಒಂದು ಲೋಟ ತೆಗೆದು ಒಂದು ಲೋಟ ಸಿಹಿನೀರು ಬೆರೆಸಿದರೆ ಅರ್ಧ, ಅದನ್ನೂ ಹಾಗೇ ಮಾಡಿದರೆ ಕಾಲು, ಮತ್ತೊಮ್ಮೆ ಮಾಡಿದರೆ ಅರೆಕಾಲು. ಸಾದಾ ನೀರು ಐದನೆಯದು. ಐದು ತಟ್ಟೆಗೆ ಹತ್ತಿಬಟ್ಟೆ ಹಾಸಿ, ಒಂದೊಂದು ನೀರಿನಲ್ಲಿ ನೆನೆಸಿ, ಪ್ರತಿ ತಟ್ಟೆಯಲ್ಲಿ 25 ಕಾಳು ಹರಡಿ. ಒಂದು ಕಾಳು ಮೊಳೆತರೆ ಶೇಕಡಾ 4 ಎಂದು ಲೆಕ್ಕ ಸುಲಭ. ಎರಡೂ ತಳಿಗೆ ಇದೇ ಕ್ರಮ, ಒಟ್ಟು ಹತ್ತು ತಟ್ಟೆ. ಮೇಲೆ ಮುಚ್ಚಳ ಇರಲಿ, ಇಲ್ಲದಿದ್ದರೆ ನೀರು ಆರಿ ಉಪ್ಪು ಗಟ್ಟಿಯಾಗುತ್ತದೆ. ದಿನಾ ಬೆಳಿಗ್ಗೆ ಎಣಿಸಿ ಬರೆಯಲಿ, ಒಂದು ವಾರ ಸಾಕು.

ಇಲ್ಲಿ ನೀವು ಸುಮ್ಮನಿರುವುದೇ ಕಷ್ಟದ ಕೆಲಸ. ಕಗ್ಗ ಹೆಚ್ಚು ಮೊಳೆಯದೇ ಹೋಗಬಹುದು. ಆಗ ಮಗು ‘ಪ್ರಯೋಗ ಫೇಲ್ ಆಯ್ತು ಸರ್’ ಎಂದು ಮುಖ ಸಣ್ಣ ಮಾಡಿಕೊಂಡು ಬರುತ್ತದೆ. ‘ಸಾದಾ ನೀರಿನ ತಟ್ಟೆಯಲ್ಲಿ ಎಷ್ಟು ಮೊಳೆತಿದೆ ನೋಡು’ ಎನ್ನಿ. ಅಲ್ಲೂ ಕಡಿಮೆ ಇದ್ದರೆ ಬೀಜವೇ ಹಳತು. ಅಲ್ಲಿ ಚೆನ್ನಾಗಿ ಮೊಳೆತಿದ್ದರೆ ಹೊಸ ಪ್ರಶ್ನೆ ಹುಟ್ಟಿತು: ಕಗ್ಗ ಉಪ್ಪು ತಡೆಯುವುದು ಮೊಳಕೆಯಲ್ಲೋ, ಸಸಿ ಬೆಳೆದ ಮೇಲೋ? ಇಂಥ ಪ್ರಶ್ನೆ ಹಿಡಿದು ಬಂದ ಮಗುವಿಗೆ ನಾನಾದರೆ ಮೊದಲ ಬಹುಮಾನ ಕೊಡುತ್ತೇನೆ.

ಹಂತ 5: ನೋಟುಬುಕ್ಕು ತಪ್ಪಿಸಬೇಡಿ

ಪ್ರತಿ ಗುಂಪಿಗೂ ಒಂದು ಇನ್ನೂರು ಪುಟದ ನೋಟುಬುಕ್ಕು. ತಾರೀಕು, ಸಮಯ, ಅಳತೆ, ಬರೆದವರ ಹೆಸರು ಅಷ್ಟೇ. ತಪ್ಪಾದರೆ ಒಂದು ಗೆರೆ ಎಳೆಯಲಿ, ಹಾಳೆ ಹರಿಯಕೂಡದು.

ಈ ಅಭ್ಯಾಸಕ್ಕೆ ಮಳೆಮಾಪಕಕ್ಕಿಂತ ಒಳ್ಳೆಯದು ಇಲ್ಲ. ಮೈ ನೇರವಾಗಿರುವ ಬಾಟಲಿಯ ಕತ್ತು ಕತ್ತರಿಸಿ, ಅದನ್ನೇ ಬೋರಲು ಹಾಕಿ ಆಲಿಕೆ ಮಾಡಿ. ತಳದಲ್ಲಿ ಸಣ್ಣ ಕಲ್ಲು, ಅದು ಮುಳುಗುವಷ್ಟು ನೀರು ಹೊಯ್ದು ಅಲ್ಲಿಗೆ ಸೊನ್ನೆಯ ಗೆರೆ ಹಾಕಿ, ಪಕ್ಕಕ್ಕೆ ಸ್ಕೇಲು ಅಂಟಿಸಿ. ಮರ, ಮಾಡುಗಳಿಂದ ದೂರ ಬಯಲಿನಲ್ಲಿಟ್ಟು ಬೆಳಿಗ್ಗೆ 8.30ಕ್ಕೆ ಓದಲಿ, ಹವಾಮಾನ ಇಲಾಖೆಯವರು ಓದುವುದೂ ಅದೇ ಹೊತ್ತಿಗೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವ ಹೋದದ್ದನ್ನು ಅಂಕೋಲೆಯ ಮಕ್ಕಳು ಮರೆತಿಲ್ಲ. ಗುಡ್ಡದ ಮೇಲೆ ಎಷ್ಟು ನೀರು ಬೀಳುತ್ತದೆ ಎಂಬುದನ್ನು ಅವರು ತಮ್ಮ ಕೈಯಾರೆ ಅಳೆದು ತಿಳಿಯಲಿ.

ಹಂತ 6: ಬಲ್ಲವರನ್ನು ಕರೆಯಿರಿ

ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ, ಊರಿನಲ್ಲಿ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಮುಖ್ಯೋಪಾಧ್ಯಾಯರ ಸಹಿ ಇರುವ ಪತ್ರ ಹಿಡಿದು, ಮಕ್ಕಳ ಪ್ರಶ್ನೆಗಳ ಪಟ್ಟಿಯೊಡನೆ ಹೋಗಿ. ಬರಿಗೈಯಲ್ಲಿ ಹೋಗಿ ‘ಏನಾದರೂ ಹೇಳಿಕೊಡಿ’ ಎಂದರೆ ಅವರಿಗೂ ತೋಚುವುದಿಲ್ಲ.

ಪದವಿ ಇದ್ದವರಷ್ಟೇ ಬಲ್ಲವರಲ್ಲ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಶಾಲೆಗೆ ಹೋದವರಲ್ಲ. ಯಾವ ತಾಯಿಮರದ ಬೀಜ, ಯಾವ ಹೊತ್ತಿಗೆ ಆರಿಸಬೇಕೆಂದು ಅರಣ್ಯ ಇಲಾಖೆಗೇ ತಿಳಿಸಿಕೊಟ್ಟವರು, 2020ರ ಪದ್ಮಶ್ರೀ ಪುರಸ್ಕೃತರು. ಅವರು 2024ರಲ್ಲಿ ತೀರಿಕೊಂಡರು. ನಿಮ್ಮ ಮಕ್ಕಳ ಮನೆಗಳಲ್ಲೂ ಹೀಗೆ ನೋಡಿ ನೋಡಿ ಕಲಿತವರಿದ್ದಾರೆ, ಅವರನ್ನು ಕರೆಸಿ.

ಹಂತ 7: ಮೇಳದ ದಿನ

ಒಂದು ಕೋಣೆಗೆ ಏಳೆಂಟು ಪ್ರಯೋಗ ಸಾಕು. ಎರಡು ಬೆಂಚುಗಳ ನಡುವೆ ಇಬ್ಬರು ನಡೆಯುವಷ್ಟು ಜಾಗ ಬಿಡಿ. ಬ್ಯಾಟರಿ ಇರುವವು ನೀರಿನ ತಟ್ಟೆಗಳಿಂದ ದೂರವಿರಲಿ. ಬಿಸಿಯೂಟದ ಮೊದಲು ತೀರ್ಪುಗಾರರು, ನಂತರ ಪಾಲಕರು.

ಅಂಕ ಹೀಗೆ ಹಂಚಿ: ಪ್ರಶ್ನೆಗೆ 20, ಮಾಡಿದ ರೀತಿಗೆ 30, ನೋಟುಬುಕ್ಕಿಗೆ 30, ವಿವರಣೆಗೆ 20. ಅಲಂಕಾರಕ್ಕೆ ಸೊನ್ನೆ, ಇದನ್ನು ಜೂನ್‌ನಲ್ಲೇ ಪಾಲಕರಿಗೆ ತಿಳಿಸಿಬಿಡಿ. ಮಗು ಕೊಂಕಣಿಯಲ್ಲಿ ಹೇಳಿದರೂ ಅಂಕ ಕಡಿಯಬಾರದು. ‘ಮತ್ತೊಮ್ಮೆ ಮಾಡಿದರೆ ಏನು ಬದಲಾಯಿಸುತ್ತೀ?’ ಎಂದು ತೀರ್ಪುಗಾರರು ಎಲ್ಲರನ್ನೂ ಕೇಳಲಿ. ತಾನೇ ಮಾಡಿದ ಮಗು ಇದಕ್ಕೆ ತಡವರಿಸುವುದಿಲ್ಲ.

ಹಂತ 8: ಮುಂದಕ್ಕೆ ಕಳಿಸಿ

ಕೇಂದ್ರ ಸರಕಾರದ ಇನ್‌ಸ್ಪೈರ್ ಮಾನಕ್ ಯೋಜನೆಗೆ ಶಾಲೆಯಿಂದ ಐದು ಆಲೋಚನೆಗಳನ್ನು ಆನ್‌ಲೈನ್‌ನಲ್ಲಿ ಕಳಿಸಬಹುದು. ಆಯ್ಕೆಯಾದರೆ ಮಗುವಿನ ಖಾತೆಗೆ 10,000 ರೂಪಾಯಿ ಬರುತ್ತದೆ, ಹಾಗಾಗಿ ಬ್ಯಾಂಕ್ ಖಾತೆಯನ್ನು ಮೊದಲೇ ಮಾಡಿಸಿಡಿ. 10ರಿಂದ 17 ವರ್ಷದ ಮಕ್ಕಳಿಗೆ 1993ರಿಂದ ನಡೆದು ಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವೂ ಇದೆ, ರಾಜ್ಯದಲ್ಲಿ ಅದನ್ನು ನಡೆಸಿಕೊಂಡು ಬಂದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಎರಡರ ಕೊನೆಯ ದಿನಾಂಕವನ್ನೂ ಬಿಇಒ ಕಚೇರಿಯಲ್ಲಿ ವಿಚಾರಿಸಿ, ಅದು ಮೇಳಕ್ಕೆ ಮೊದಲೇ ಇರಬಹುದು. ಪ್ರಶ್ನೆ ಪೆಟ್ಟಿಗೆ ಜೂನ್‌ನಲ್ಲೇ ತುಂಬಿದ್ದರೆ ಅರ್ಜಿಗೆ ವಿಷಯ ಹುಡುಕಬೇಕಾಗುವುದಿಲ್ಲ. ಮೇಳ ಮುಗಿದ ಮೇಲೆ ನೋಟುಬುಕ್ಕುಗಳನ್ನು ಮಕ್ಕಳಿಗೆ ಹಿಂದಿರುಗಿಸುವ ಮುನ್ನ ಮಳೆಯ ಅಳತೆಯ ಪುಟಗಳ ನಕಲು ತೆಗೆದು ಶಾಲೆಯ ಕಪಾಟಿನಲ್ಲಿಡಿ. ಮುಂದಿನ ವರ್ಷದ ಮಕ್ಕಳು ಅಲ್ಲಿಂದಲೇ ಮುಂದುವರಿಸಬಹುದು.